ಬಿಲ್ಲೆಯ ಅಂಚು ಹಿಡಿದ ಮೇಲೆ ಡೊಮೇನ್ ಸಿಕ್ಕಿತು

ಪರ್ಮಲಾಯ್ (ನಿಕಲ್-ಕಬ್ಬಿಣದ ಕಾಂತೀಯ ಮಿಶ್ರಲೋಹ) ಫಿಲ್ಮ್ ಇಟ್ಟು ಡಿಪಿಸಿ, ಅಂದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಬಿಂದು ಬಿಂದುವಿಗೂ ಕಿರಣ ಎಷ್ಟು ಬಾಗಿತು ಅಂತ ಅಳೆದು ಚಿತ್ರ ಕಟ್ಟುವ ಕೆಲಸ, ಮಾಡಿದವರಿಗೆ ಗೊತ್ತು, ಡೊಮೇನ್‌ಗಿಂತ ಗ್ರೇನ್‌ಗಳೇ ಎದ್ದು ಕಾಣುತ್ತವೆ. ಡೊಮೇನ್ ಅಂದರೆ ಕಾಂತತ್ವ ಒಂದೇ ದಿಕ್ಕಿಗಿರುವ ಜಾಗ, ಗ್ರೇನ್ ಅಂದರೆ ಲೋಹದ ಸಣ್ಣ ಹರಳು. ನಾಲ್ಕು ಭಾಗದ ಹಳೇ ಡಿಟೆಕ್ಟರ್ ಜೊತೆ ಒಂದೂವರೆ ವರ್ಷ ಒದ್ದಾಡಿದೆ. ಡಿಟೆಕ್ಟರ್ ಮೇಲೆ ಬೀಳುವ ಕಿರಣದ ದುಂಡು ಬಿಲ್ಲೆಯನ್ನು ಪಿಕ್ಸೆಲ್ ಪಿಕ್ಸೆಲ್ ಆಗಿ ಹಿಡಿಯುವ ಮೆಡಿಪಿಕ್ಸ್3 ಹಾಕೋಣ ಅಂದಾಗ ಗುಂಪಿನ ಹಿರಿಯರೊಬ್ಬರು, "ಅದು ನಿಧಾನ ಕಣಪ್ಪ, ಡೇಟಾ ತುಂಬಿಕೊಂಡು ಕೂರ್ತೀಯ ಅಷ್ಟೆ" ಅಂದರು.

ಡೇಟಾ ವಿಷಯ ನಿಜವೇ. 256×256 ಸ್ಕ್ಯಾನ್, ಪ್ರತಿ ಬಿಂದುವಿಗೂ 256×256 ಪಿಕ್ಸೆಲ್, 16 ಬಿಟ್: ಒಂದು ಸ್ಕ್ಯಾನಿಗೆ 8 ಜಿಬಿ. ಮೊದಲ ತಿಂಗಳೇ ಹಾರ್ಡ್‌ಡಿಸ್ಕಿಗೆ 500 ಯೂರೋ ಹತ್ತಿರ ಹೋಯಿತು. ಮೈಕ್ರೋಸ್ಕೋಪಿಗೆ ಗಂಟೆಗೆ 90ರ ಆಸುಪಾಸು. ಮೊದಲ ರಾತ್ರಿ ಆಬ್ಜೆಕ್ಟಿವ್ ಲೆನ್ಸ್ ಪೂರ್ತಿ ಆಫ್ ಆಗಿರಲಿಲ್ಲ, ನಾನು ನೋಡಲಿಲ್ಲ. ಅದರ ಕಾಂತಕ್ಷೇತ್ರ ಡೊಮೇನ್ ಅಳಿಸಿಬಿಡುತ್ತದೆ. ಏಳು ಗಂಟೆ ಸ್ಕ್ಯಾನ್ ಮಾಡಿದರೂ ಒಂದು ಡೊಮೇನೂ ಇಲ್ಲ. ಅವತ್ತು ಬೆಳಿಗ್ಗೆ ಹೊಟ್ಟೆ ಉರಿದುಹೋಯಿತು.

ಎರಡನೇ ಸಲ ಲೆನ್ಸ್ ಸರಿ ಇತ್ತು. ಬಿಲ್ಲೆಯ ಸೆಂಟರ್ ಆಫ್ ಮಾಸ್, ಅಂದರೆ ತೀವ್ರತೆಯ ನಡುಬಿಂದು, ಲೆಕ್ಕ ಹಾಕಿದೆ, ಮತ್ತೆ ಗ್ರೇನ್. 200 ಕೆವಿಯಲ್ಲಿ 20 ನ್ಯಾನೋಮೀಟರ್ ಫಿಲ್ಮ್ ಎಲೆಕ್ಟ್ರಾನನ್ನು ಬಾಗಿಸುವುದು 12 ಮೈಕ್ರೋರೇಡಿಯನ್ನಷ್ಟೆ. ಫಿಲ್ಮಿನಿಂದ ಡಿಟೆಕ್ಟರಿಗೆ ಲೆಕ್ಕದ ದೂರ, ಅಂದರೆ ನನ್ನ ಕ್ಯಾಮೆರಾ ಲೆಂತ್‌ನಲ್ಲಿ ಎರಡು ಪಿಕ್ಸೆಲ್ ಸಹ ಸರಿಯಾಗಿ ಇಲ್ಲ. ಗ್ರೇನ್ ಮೂಡಿಸುವ ಬಿಲ್ಲೆಯೊಳಗಿನ ಕಪ್ಪು ಮಚ್ಚೆಗಳು ನಡುಬಿಂದುವನ್ನು ಅದಕ್ಕಿಂತ ಜಾಸ್ತಿ ಎಳೆಯುತ್ತವೆ. ಕಾವಲಿ ಮೇಲೆ ರೊಟ್ಟಿ ಜರುಗಿತಾ ಅಂತ ತಿಳಿಯಲು ಸುಟ್ಟ ಕಲೆ ನೋಡಿದರೆ ಆಗುವುದಿಲ್ಲ, ಅಂಚು ನೋಡಬೇಕು. ಗ್ಲಾಸ್ಗೋ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ್ದೂ ಇದನ್ನೇ: ಅಂಚನ್ನು ಮಾತ್ರ ತೆಗೆದು ಕ್ರಾಸ್ ಕೋರಿಲೇಶನ್ ಮಾಡುವುದು, ಅಂದರೆ ಒಂದರ ಮೇಲೊಂದು ಜರುಗಿಸಿ ಎಲ್ಲಿ ಚೆನ್ನಾಗಿ ಹೊಂದುತ್ತದೆ ಅಂತ ನೋಡುವುದು. ಅಂಚಿನ ಫಿಲ್ಟರ್ ಎಷ್ಟು ಅಗಲ ಇಟ್ಟೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಮೂರು ವಾರ ತಿಂದಿದೆ ಅದು. ಡೀಸ್ಕ್ಯಾನ್, ಅಂದರೆ ಸ್ಕ್ಯಾನ್ ಮಾಡುವಾಗ ಬಿಲ್ಲೆ ತಾನೇ ಜರುಗುವುದನ್ನು ಸರಿಪಡಿಸುವುದು, ಮಾತ್ರ ಮರೆಯಬೇಡಿ. ಬರೀ ವ್ಯಾಕ್ಯೂಮ್‌ನಲ್ಲಿ ಅದೇ ಮ್ಯಾಗ್ನಿಫಿಕೇಶನ್‌ಗೆ ಒಂದು ಸ್ಕ್ಯಾನ್ ತೆಗೆದು ಕಳೆಯಿರಿ.

ನಡುವೆ ಡಿಸ್ಕ್ ಉಳಿಸೋಣ ಅಂತ 64×64ಕ್ಕೆ ಬಿನ್ (ಅಕ್ಕಪಕ್ಕದ ಪಿಕ್ಸೆಲ್ ಕೂಡಿಸಿ ಒಂದಾಗಿಸುವುದು) ಮಾಡಿಯೂ ನೋಡಿದೆ. ಡೇಟಾ ಹದಿನಾರರಲ್ಲೊಂದು ಪಾಲಾಯಿತು, ಡೊಮೇನ್‌ಗಳು ಉಳಿದವು, ಆದರೆ ಅವುಗಳ ನಡುವಿನ ಗೋಡೆಗಳು ಒರಟಾದವು. ಬಿಟ್ಟೆ.

ಕೊನೆಗೆ 2 ಮೈಕ್ರಾನಿನ ಚೌಕ ಪರದೆ ಮೇಲೆ ಬಂತು: ನಾಲ್ಕು ತ್ರಿಕೋನ, ಕಾಂತತ್ವದ ನಾಲ್ಕು ದಿಕ್ಕಿಗೆ ನಾಲ್ಕು ಬಣ್ಣ, ಮೂಲೆಯಿಂದ ಮೂಲೆಗೆ ಎರಡು ಗೆರೆ, ಥೇಟ್ ಚೌಕಾಬಾರದ ಮನೆ. ಗ್ರೇನ್ ಹುಡುಕಿದರೂ ಕಾಣದಷ್ಟು ಮಾಸಿತ್ತು. ಹಿರಿಯರು ಕುರ್ಚಿ ಎಳೆದುಕೊಂಡು ಕೂತು, ಗೆರೆಗಳು ಸೇರುವ ನಡುವಿನ ವರ್ಟೆಕ್ಸ್ ಮೇಲೆ ಬೆರಳಿಟ್ಟು, "ಸ್ಕ್ರಿಪ್ಟ್ ಕಳಿಸು" ಅಂದರು. ಈಗ 5 ನ್ಯಾನೋಮೀಟರ್ ಫಿಲ್ಮ್ ಒಳಗೆ ಕೂತಿದೆ, ಅಲ್ಲಿ ಸಿಗುವುದು ಅರ್ಧ ಪಿಕ್ಸೆಲ್ಲೂ ಇಲ್ಲ.