ಕಾಣದ್ದಕ್ಕೆಲ್ಲ ‘ಅದೃಷ್ಟ’ ಅಲ್ಲ: ಯಾವುದಕ್ಕೆ ಯಾವ ಪದ

‘ಅದೃಷ್ಟ’ ಅಂದರೆ ಲಕ್ ಎಂದಷ್ಟೇ ತಿಳಿದವರು ಹಳೆಯ ಶಾಸ್ತ್ರಗ್ರಂಥ ಓದುವಾಗ ಎಡವುತ್ತಾರೆ. ಅದೃಶ್ಯ, ಅಗೋಚರ, ಪರೋಕ್ಷ ಬರೆಯುವಾಗಲೂ ಎಡವುತ್ತಾರೆ. ಪದವನ್ನು ಒಮ್ಮೆ ಬಿಡಿಸಿ ನೋಡಿದರೆ ಎರಡೂ ಸರಿಹೋಗುತ್ತವೆ.

ಮೂಲ ‘ದೃಶ್’ ಎಂಬ ಸಂಸ್ಕೃತ ಧಾತು. ದೃಷ್ಟ ಎಂದರೆ ಕಂಡದ್ದು, ದೃಶ್ಯ ಎಂದರೆ ಕಾಣತಕ್ಕದ್ದು. ಪದದ ಮೊದಲಿಗೆ ‘ಅ’ ಸೇರಿದಾಗ ಅದೃಷ್ಟ ಕಾಣದೇ ಉಳಿದದ್ದು, ಅದೃಶ್ಯ ಕಣ್ಣಿಗೆ ಕಾಣಲಾಗದ್ದು.

ವೇದದ ಯಾಗವಿಧಿಗಳ ಅರ್ಥ ವಿಚಾರಿಸಿದ ಮೀಮಾಂಸಕರು ಇದನ್ನು ಬಳಸಿದ ರೀತಿ ಮಂಡ್ಯ ಸೀಮೆಯ ಭತ್ತದ ಕಣದವರಿಗೆ ಬೇಗ ಹತ್ತುತ್ತದೆ. ಯಾಗಕ್ಕೆ ಭತ್ತ ಕುಟ್ಟಬೇಕು. ಕುಟ್ಟಿದರೆ ಹೊಟ್ಟು ಬಿಡುತ್ತದೆ; ಫಲ ಕಣ್ಣೆದುರೇ ಇದೆ, ಅದು ದೃಷ್ಟ. ಅದೇ ಭತ್ತಕ್ಕೆ ನೀರು ಪ್ರೋಕ್ಷಿಸಬೇಕೆಂಬ ವಿಧಿಯೂ ಇದೆ. ಚಿಮುಕಿಸಿದ ಮೇಲೆ ಭತ್ತದಲ್ಲಿ ಬದಲಾವಣೆಯೇನೂ ಕಾಣುವುದಿಲ್ಲ, ಆದರೂ ಮಾಡಿದ ಕೆಲಸ ಬರಿದಾಗದು. ಅದರ ಫಲ ಅದೃಷ್ಟ. ಹಾಗಾದರೆ ಹೊಟ್ಟನ್ನು ಉಗುರಿನಲ್ಲೇ ಸುಲಿಯಬಹುದಲ್ಲ? ಸುಲಿಯಬಹುದು, ಆದರೆ ಕುಟ್ಟಿಯೇ ತೆಗೆಯಬೇಕೆಂಬ ಕಟ್ಟಳೆ ಮುರಿಯುತ್ತದೆ. ಆ ಕಟ್ಟಳೆ ಪಾಲಿಸಿದ್ದಕ್ಕೆ ಬರುವ ಕಾಣದ ಫಲಕ್ಕೆ ನಿಯಮಾದೃಷ್ಟ ಎಂದು ಹೆಸರು. ಅವರ ಎಚ್ಚರಿಕೆಯೊಂದು ಇಂದಿಗೂ ಉಪಯೋಗದ್ದು: ಕಾಣುವ ಕಾರಣ ಸಿಗುವ ಕಡೆ ಅದೃಷ್ಟವನ್ನು ಕಲ್ಪಿಸಬಾರದು. ನಾಲೆಯ ನೀರು ಹೊತ್ತಿಗೆ ಸರಿಯಾಗಿ ಬಂದು ಬೆಳೆ ಚೆನ್ನಾಗಿ ಆದರೆ ಅದನ್ನು ಅದೃಷ್ಟದ ಲೆಕ್ಕಕ್ಕೆ ಬರೆಯುವುದು ತಪ್ಪು.

ಲೋಕದ ವಸ್ತುಗಳನ್ನು ಬಗೆಬಗೆಯಾಗಿ ವಿಂಗಡಿಸಿ ವಿಚಾರಿಸುವ ವೈಶೇಷಿಕ ದರ್ಶನದ ಸೂತ್ರಗಳಲ್ಲಿ ಅರ್ಥ ಇನ್ನೂ ಅಗಲ. ಸೂಜಿ ಅಯಸ್ಕಾಂತದ ಕಡೆಗೆ ಸರಿಯುವುದು, ಬೆಂಕಿ ಮೇಲಕ್ಕೇಳುವುದು, ಗಾಳಿ ಅಡ್ಡಡ್ಡ ಬೀಸುವುದು, ಮರದೊಳಗೆ ನೀರು ಏರುವುದು ಇವೆಲ್ಲ ‘ಅದೃಷ್ಟಕಾರಿತ’, ಅಂದರೆ ಕಾಣದ್ದು ಮಾಡಿಸಿದ್ದು. ತಳ್ಳುವ ಕೈ ಕಾಣುತ್ತಿಲ್ಲ, ಚಲನೆ ಮಾತ್ರ ಕಾಣುತ್ತಿದೆ ಎಂಬಲ್ಲಿ ಆ ಪದ. ಇಂಥ ಕಡೆ ‘ಅದೃಷ್ಟದಿಂದ ಸೂಜಿ ಸರಿಯಿತು’ ಎಂದು ಓದಿದರೆ ನಗೆಪಾಟಲು. ವೈಶೇಷಿಕರೂ ತರ್ಕಕ್ಕೆ ಹೆಸರಾದ ನ್ಯಾಯ ದರ್ಶನದವರೂ ಆತ್ಮದಲ್ಲಿ ಉಳಿಯುವ ಧರ್ಮಾಧರ್ಮಗಳನ್ನೂ ಅದೃಷ್ಟವೆಂದೇ ಕರೆದರು. ಮಾಡಿದ ಪುಣ್ಯಪಾಪ ಕಾಣದೆ ಕೂತಿದ್ದು ಮುಂದೆ ಫಲ ಕೊಡುತ್ತದೆಂಬ ಈ ಅರ್ಥದಿಂದಲೇ ಇಂದಿನ ಲಕ್‌ಗೆ ದಾರಿ. ಹಾಗಾಗಿ ಹಳೆಯ ಅರ್ಥಕ್ಕೆ ನಮ್ಮ ಮಾತಿನಲ್ಲಿ ತೀರ ಹತ್ತಿರದ್ದು ಲಕ್ ಅಲ್ಲ, ‘ಪುಣ್ಯ ಮಾಡಿದ್ದ’ ಎಂಬ ಮಾತು.

ಇನ್ನು ಬರೆಯುವಾಗ ಆರಿಸುವ ಬಗೆ. ಮೊದಲು ಕೇಳಿಕೊಳ್ಳಬೇಕಾದ್ದು: ಆ ವಸ್ತು ಹಿಂದೆ ಕಾಣುತ್ತಿತ್ತೇ? ಕಾಣುತ್ತಿದ್ದು ಈಗ ಇಲ್ಲವಾದರೆ ‘ಕಣ್ಮರೆ’. ಕೃಷ್ಣರಾಜಸಾಗರ ಕಟ್ಟೆಯ ನೀರಿನಲ್ಲಿ ಮುಳುಗಿದ ಹಳೆಯ ಕನ್ನಂಬಾಡಿ ಊರು ಕಣ್ಮರೆಯಾಯಿತು ಎನ್ನಬೇಕು, ಅದೃಶ್ಯವಾಯಿತು ಎಂದರೆ ಮಾಟಗಾರನ ಕೈಚಳಕದಂತೆ ಕೇಳುತ್ತದೆ. ತಲಕಾಡಿನ ಗುಡಿಗಳಿಗೆ ಇನ್ನೂ ಕರಾರುವಾಕ್ಕಾದ ಮಾತಿದೆ: ಅವು ಮರಳಲ್ಲಿ ಹುದುಗಿದವು. ಹೇಗೆ ಮರೆಯಾಯಿತೆಂದು ಗೊತ್ತಿದ್ದರೆ ಆ ಕ್ರಿಯಾಪದವನ್ನೇ ಹಾಕಿ. ಮನುಷ್ಯ ತಪ್ಪಿಸಿಕೊಂಡಿದ್ದರೆ ‘ಕಾಣೆಯಾಗಿದ್ದಾರೆ’. ಮಂಡ್ಯದ ಆಡುಮಾತಿನಲ್ಲಿ ‘ನಾ ಕಾಣೆ ಕನಣ್ಣ’ ಎಂದರೆ ನನಗೆ ಗೊತ್ತಿಲ್ಲ ಎಂದರ್ಥ. ಕಾಣುವುದು ತಿಳಿಯುವುದು ಎರಡೂ ಒಂದೇ ಪದದಲ್ಲಿ ಕೂತಿರುವ ಹಳಗನ್ನಡದ ನಿಷೇಧರೂಪ ಅದು. ಸಂಭಾಷಣೆ ಬರೆಯುವವರು ಅದನ್ನು ‘ಗೊತ್ತಿಲ್ಲ’ ಎಂದು ತಿದ್ದದಿರಲಿ.

ಬೇರೆಯವರ ಕಣ್ಣಿಗೆ ಬಿದ್ದು ನಮ್ಮ ಕಣ್ಣಿನಿಂದ ದೂರವಿದ್ದರೆ ‘ಪರೋಕ್ಷ’. ಪಾಣಿನಿ ಇದಕ್ಕೆಂದೇ ಒಂದು ಕಾಲರೂಪ ಹೇಳಿದ್ದಾನೆ: ಹೇಳುವವನು ಕಣ್ಣಾರೆ ಕಾಣದ ಹಿಂದಿನ ಸಂಗತಿಗೆ ‘ಲಿಟ್’ ಎಂಬ ಕ್ರಿಯಾರೂಪ. ‘ಪರೋಕ್ಷ ತೆರಿಗೆ’ಯಲ್ಲಿ ಅದು ನೇರವಲ್ಲದ್ದು ಎಂದಾಗಿದೆ, ಆ ಬಳಕೆಯೂ ಸರಿಯೇ. ಕಣ್ಣಿಗೆ ಮಾತ್ರವಲ್ಲ, ಯಾವ ಇಂದ್ರಿಯಕ್ಕೂ ನಿಲುಕದ್ದು ‘ಅಗೋಚರ’. ಗೋಚರ ಎಂದರೆ ಮೂಲದಲ್ಲಿ ಹಸು ಮೇಯುವ ಬಯಲು. ಇಂದ್ರಿಯಗಳೂ ತಮ್ಮ ಬಯಲು ದಾಟಲಾರವು. ಕತ್ತಲಲ್ಲಿ ರಸ್ತೆಯ ಗುಂಡಿ ಅಗೋಚರವಾಗಿತ್ತು ಎಂದು ಬರೆಯಬೇಡಿ, ಕಾಣಲಿಲ್ಲ ಅಂದರೆ ಸಾಕು. ಹಾಲಿನಲ್ಲಿರುವ ಬೆಣ್ಣೆಯಂತೆ ಇದ್ದೂ ರೂಪ ತಾಳದ್ದು ‘ಅವ್ಯಕ್ತ’.

ಲಕ್ ಎಂಬ ಅರ್ಥಕ್ಕೆ ಅದೃಷ್ಟ ಬಳಸುವಾಗ ಜೊತೆಯ ಕ್ರಿಯಾಪದ ಮುಖ್ಯ: ಅದೃಷ್ಟ ಕೂಡಿಬಂತು, ಖುಲಾಯಿಸಿತು, ಕೈಕೊಟ್ಟಿತು. ‘ಹಣೆಬರಹ’ ಇದರ ಸಮಾನಪದವಲ್ಲ, ಅದು ಬಹುಪಾಲು ಕೆಟ್ಟದ್ದರ ಕಡೆಗೇ ವಾಲುತ್ತದೆ. ‘ಅದೃಷ್ಟವಶಾತ್’ ಒಳಿತಿಗೆ ಮಾತ್ರ, ಅದೂ ಸರಿಯಾದ ವಾಕ್ಯಕ್ಕೇ ಅಂಟಬೇಕು. ‘ಅದೃಷ್ಟವಶಾತ್ ಬಸ್ ಮಗುಚಿ ಯಾರಿಗೂ ಪೆಟ್ಟಾಗಿಲ್ಲ’ ಎಂದರೆ ಬಸ್ ಮಗುಚಿದ್ದೇ ಭಾಗ್ಯವೆಂದಾಗುತ್ತದೆ. ‘ಬಸ್ ಮಗುಚಿತು, ಅದೃಷ್ಟವಶಾತ್ ಯಾರಿಗೂ ಪೆಟ್ಟಾಗಲಿಲ್ಲ’ ಎಂದು ಮುರಿದು ಬರೆಯಿರಿ.

ಕಾಗುಣಿತದಲ್ಲಿ ತಪ್ಪುವುದು ಮೂರು ಕಡೆ. ‘ಅದ್ರುಷ್ಟ’ ತಪ್ಪು, ದಕಾರಕ್ಕೆ ಋ ಸ್ವರದ ಗುರುತು ಬರಬೇಕು, ರಕಾರದ ಒತ್ತಲ್ಲ. ‘ಅದೃಷ್ಠ’ ತಪ್ಪು, ಕೆಳಗಿನದು ಅಲ್ಪಪ್ರಾಣ ಟಕಾರ. ಎಲ್ಲಕ್ಕಿಂತ ಹೆಚ್ಚು ಹರಡಿರುವುದು ‘ದುರಾದೃಷ್ಟ’, ಪ್ರಾಯಶಃ ‘ದುರಾಸೆ’ಯ ಜಾಡಿನಲ್ಲಿ ಬಂದದ್ದು. ದುರ್ ಜೊತೆ ಆಸೆ ಸೇರಿದರೆ ದುರಾಸೆ, ಅದೃಷ್ಟ ಸೇರಿದರೆ ದುರದೃಷ್ಟ. ಇಲ್ಲಿ ದೀರ್ಘಕ್ಕೆ ಜಾಗವಿಲ್ಲ.