ಮುಕ್ತ ಸರ್ಕಾರದ ಕ್ರಿಯಾ ಯೋಜನೆಯನ್ನು ಅಳೆಯುವ ಬಗೆ

ಪಾರದರ್ಶಕತೆಯನ್ನೂ ನಾಗರಿಕರ ಪಾಲ್ಗೊಳ್ಳುವಿಕೆಯನ್ನೂ ಹೆಚ್ಚಿಸುತ್ತೇವೆಂದು ಒಂದು ದೇಶದ ಸರ್ಕಾರ ಹೊರಡಿಸುವ ಕ್ರಿಯಾ ಯೋಜನೆಯನ್ನು ಮೌಲ್ಯಮಾಪನ ಮಾಡಲು ಕುಳಿತವರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದರಲ್ಲಿ ಬರೆದದ್ದೆಲ್ಲ ಅಕ್ಷರಶಃ ಜಾರಿಯಾದ ಮರುದಿನ, ಇಂದು ಸಾಮಾನ್ಯ ನಾಗರಿಕರಿಂದ ಆಗದ ಯಾವ ಕೆಲಸ ಅವರಿಂದ ಆಗುತ್ತದೆ? ಇದಕ್ಕೆ ಉತ್ತರ ಸಿಗದಿದ್ದರೆ ಯೋಜನೆ ನೂರಕ್ಕೆ ನೂರು ಪೂರ್ಣಗೊಂಡರೂ ಆಡಳಿತದಲ್ಲಿ ಏನೂ ಬದಲಾಗಿರುವುದಿಲ್ಲ. ಮೌಲ್ಯಮಾಪನದ ಉಳಿದ ಹಂತಗಳೆಲ್ಲ ಈ ಪ್ರಶ್ನೆಗೆ ಸಾಕ್ಷ್ಯಸಮೇತ ಉತ್ತರ ಹುಡುಕುವ ಕ್ರಮಗಳೇ ಆಗಿವೆ.

ಇಂಥ ಯೋಜನೆಗಳ ವಿಚಾರದಲ್ಲಿ ಹೆಚ್ಚು ಪರಿಚಿತವಾದ ಚೌಕಟ್ಟು ಓಪನ್ ಗವರ್ನಮೆಂಟ್ ಪಾರ್ಟ್‌ನರ್‌ಶಿಪ್ ಎಂಬ ಅಂತರರಾಷ್ಟ್ರೀಯ ಕೂಟದ್ದು. 2011ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಮೆಕ್ಸಿಕೊ, ನಾರ್ವೆ, ಫಿಲಿಪೀನ್ಸ್, ದಕ್ಷಿಣ ಆಫ್ರಿಕಾ, ಬ್ರಿಟನ್ ಮತ್ತು ಅಮೆರಿಕ ಸೇರಿ ಇದನ್ನು ಆರಂಭಿಸಿದವು. ಸದಸ್ಯ ಸರ್ಕಾರವು ನಾಗರಿಕ ಸಂಘಟನೆಗಳೊಂದಿಗೆ ಚರ್ಚಿಸಿ ಎರಡು ವರ್ಷಗಳ ಯೋಜನೆಯನ್ನು, ಇಲ್ಲವೇ ನಡುವೆ ಪರಿಷ್ಕರಣೆಗೆ ಒಳಪಡುವ ನಾಲ್ಕು ವರ್ಷಗಳ ಯೋಜನೆಯನ್ನು ರೂಪಿಸಬೇಕು. ಕೂಟದ ಸ್ವತಂತ್ರ ವರದಿ ವ್ಯವಸ್ಥೆ ಅದನ್ನು ಪರಿಶೀಲಿಸುತ್ತದೆ. ಕೂಟದ ಸದಸ್ಯನಲ್ಲದ ದೇಶದ ಯೋಜನೆಯನ್ನು ಅಳೆಯುವವರಿಗೂ ಈ ವ್ಯವಸ್ಥೆ ರೂಢಿಸಿದ ಅಳತೆಗೋಲುಗಳು ಉಪಯೋಗಕ್ಕೆ ಬರುತ್ತವೆ.

ಆರಂಭದ ಸ್ಥಿತಿಯನ್ನು ದಾಖಲಿಸಿಕೊಳ್ಳಿ

ಯೋಜನೆ ಪ್ರಕಟವಾದ ವಾರವೇ ಆಯಾ ವಿಷಯದ ಅಂದಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಬೇಕು. ಬಜೆಟ್ ವೆಚ್ಚದ ವಿವರ ಪ್ರಕಟಿಸುವ ಭರವಸೆ ಇದ್ದರೆ, ಸಚಿವಾಲಯದ ಜಾಲತಾಣವನ್ನು ತೆರೆದು ಸದ್ಯ ಯಾವ ವರ್ಷಗಳ ಲೆಕ್ಕ ಅಲ್ಲಿದೆ, ಅದು ಸ್ಕ್ಯಾನ್ ಮಾಡಿದ ಪುಟಗಳ ಚಿತ್ರವೋ ಅಥವಾ ಲೆಕ್ಕ ಹಾಕಲು ಬರುವ ಕಡತವೋ, ಕೊನೆಯದಾಗಿ ಯಾವ ದಿನಾಂಕದಂದು ನವೀಕರಿಸಲಾಗಿದೆ ಎಂಬುದನ್ನು ಗುರುತು ಹಾಕಿಕೊಂಡು ಪುಟದ ಪ್ರತಿಯನ್ನು ದಿನಾಂಕಸಹಿತ ಉಳಿಸಿಕೊಳ್ಳಿ. ಎರಡು ವರ್ಷಗಳ ನಂತರ ಹೊಸದೆಂದು ತೋರಿಸಲಾಗುವ ಎಷ್ಟೋ ಸಂಗತಿಗಳು ಯೋಜನೆಗೆ ಮೊದಲೇ ಇದ್ದವೆಂದು ತಿಳಿಯುವುದು ಈ ದಾಖಲೆಯಿಂದಲೇ. ಈ ಕೆಲಸವನ್ನು ಮುಂದೂಡಿದರೆ ಹಳೆಯ ಪುಟಗಳು ಅಳಿಸಿಹೋಗಿರುತ್ತವೆ, ವರ್ಗಾವಣೆಯಾದ ಅಧಿಕಾರಿಗಳು ಕೇಳಿ ತಿಳಿಯಲೂ ಸಿಗುವುದಿಲ್ಲ.

ಯೋಜನೆ ಹೇಗೆ ತಯಾರಾಯಿತು?

ಯೋಜನೆಯ ಪಠ್ಯಕ್ಕಿಂತ ಮೊದಲು ಅದರ ತಯಾರಿಯ ದಾಖಲೆಗಳನ್ನು ಕೇಳಿ ಪಡೆಯಿರಿ. ಸಮಾಲೋಚನೆಯ ವೇಳಾಪಟ್ಟಿ ಮುಂಚಿತವಾಗಿ ಪ್ರಕಟವಾಗಿತ್ತೇ? ಮೇಲೆ ಹೇಳಿದ ಕೂಟದ ನಿಯಮದಂತೆ ಪ್ರಕ್ರಿಯೆ ಆರಂಭವಾಗುವ ಕನಿಷ್ಠ ಎರಡು ವಾರ ಮೊದಲು ಅದು ಹೊರಬಂದಿರಬೇಕು. ಸಭೆಗೆ ಯಾರನ್ನು ಕರೆಯಲಾಯಿತು, ಅವರನ್ನು ಆರಿಸಿದವರು ಯಾರು, ರಾಜಧಾನಿಯ ಹೊರಗಿನವರಿಗೂ ಅಂಗವಿಕಲರಿಗೂ ಅಲ್ಪಸಂಖ್ಯಾತ ಭಾಷಿಕರಿಗೂ ಪ್ರವೇಶವಿತ್ತೇ, ಸಭೆಯ ನಡಾವಳಿ ಸಾರ್ವಜನಿಕವಾಗಿ ಲಭ್ಯವಿದೆಯೇ ಎಂಬುವು ಮುಂದಿನ ಪ್ರಶ್ನೆಗಳು.

ಆದರೆ ಈ ಹಂತದ ನಿಜವಾದ ಪರೀಕ್ಷೆ ಬೇರೆ. ಬಂದ ಸಲಹೆಗಳ ಪಟ್ಟಿಯನ್ನು ಒಂದು ಕಡೆ, ಅಂತಿಮ ಯೋಜನೆಯನ್ನು ಇನ್ನೊಂದು ಕಡೆ ಇಟ್ಟುಕೊಂಡು, ಯಾವ ಸಲಹೆ ಒಳಗೆ ಬಂತು, ಯಾವುದು ಬಿಟ್ಟುಹೋಯಿತು, ಬಿಟ್ಟದ್ದಕ್ಕೆ ಸರ್ಕಾರ ಕಾರಣ ಕೊಟ್ಟಿದೆಯೇ ಎಂದು ಒಂದೊಂದಾಗಿ ತಾಳೆ ನೋಡಬೇಕು. ಪಾಲ್ಗೊಳ್ಳುವಿಕೆಯ ಮಟ್ಟವನ್ನು, ಜನರಿಗೆ ಮಾಹಿತಿ ತಿಳಿಸುವುದು, ಅಭಿಪ್ರಾಯ ಕೇಳುವುದು, ಚರ್ಚೆಯಲ್ಲಿ ತೊಡಗಿಸಿಕೊಳ್ಳುವುದು, ಜೊತೆಗೂಡಿ ರೂಪಿಸುವುದು, ನಿರ್ಧಾರದ ಅಧಿಕಾರವನ್ನೇ ಒಪ್ಪಿಸುವುದು ಎಂಬ ಐದು ಮೆಟ್ಟಿಲುಗಳಲ್ಲಿ ಅಳೆಯುವ ರೂಢಿಯಿದೆ. ಕಾರಣಸಹಿತ ಉತ್ತರ ಇಲ್ಲದ ಪ್ರಕ್ರಿಯೆಯನ್ನು, ಸಭೆಗಳು ಎಷ್ಟೇ ನಡೆದಿರಲಿ, ಎರಡನೆಯ ಮೆಟ್ಟಿಲಿಗಿಂತ ಮೇಲೆ ಇಡಲು ನಾನು ಒಪ್ಪುವುದಿಲ್ಲ. ತುಂಬಿದ ಸಭಾಂಗಣದ ಫೋಟೊ ಹಾಜರಾತಿಗೆ ಪುರಾವೆಯಾದೀತು, ಪಾಲ್ಗೊಳ್ಳುವಿಕೆಗೆ ಅಲ್ಲ.

ಒಂದೊಂದು ಭರವಸೆಯನ್ನೂ ಬಿಡಿಸಿ ಓದಿ

ಪ್ರತಿ ಭರವಸೆಗೂ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಹಾಕಬೇಕು. ಅದನ್ನು ಪರಿಶೀಲಿಸಲು ಸಾಧ್ಯವೇ? ಅದು ಮಾಹಿತಿಯನ್ನು ತೆರೆಯುವ, ನಾಗರಿಕರನ್ನು ನಿರ್ಧಾರಕ್ಕೆ ಸೇರಿಸಿಕೊಳ್ಳುವ ಅಥವಾ ಅಧಿಕಾರಿಗಳನ್ನು ಉತ್ತರ ಕೊಡುವಂತೆ ಮಾಡುವ ಕೆಲಸವೇ? ಪೂರ್ಣವಾಗಿ ಜಾರಿಯಾದರೆ ಎಷ್ಟು ಬದಲಾವಣೆ ಆದೀತು? ಕೊನೆಯ ಪ್ರಶ್ನೆಗೆ ಸ್ವತಂತ್ರ ವರದಿ ವ್ಯವಸ್ಥೆ ಅಸ್ಪಷ್ಟ, ಸಾಧಾರಣ, ಗಣನೀಯ ಎಂಬ ಮೂರೇ ದರ್ಜೆಗಳನ್ನು ಬಳಸುತ್ತದೆ. ಹತ್ತು ಅಂಕಗಳ ಕೋಷ್ಟಕಕ್ಕಿಂತ ಇದೇ ಮೇಲು, ಏಕೆಂದರೆ ಆರಕ್ಕೂ ಏಳಕ್ಕೂ ಇರುವ ವ್ಯತ್ಯಾಸವನ್ನು ಸಮರ್ಥಿಸಿಕೊಳ್ಳುವಷ್ಟು ಸಾಕ್ಷ್ಯ ಯಾರ ಬಳಿಯೂ ಇರುವುದಿಲ್ಲ.

ಒಂದು ಕಲ್ಪಿತ ಮಾದರಿಯನ್ನು ತೆಗೆದುಕೊಳ್ಳೋಣ. "ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಯನ್ನು ಬಲಪಡಿಸಲು ಸಂಬಂಧಪಟ್ಟ ಇಲಾಖೆಗಳು ಸೂಕ್ತ ಕ್ರಮ ಕೈಗೊಳ್ಳಲಿವೆ" ಎಂಬ ವಾಕ್ಯ ಮೊದಲ ಪ್ರಶ್ನೆಯಲ್ಲೇ ಸೋಲುತ್ತದೆ. ಯಾವ ಇಲಾಖೆ, ಯಾವ ಕ್ರಮ, ಯಾವ ಗಡುವು ಎಂಬುದು ತಿಳಿಯದ ಕಾರಣ ಎರಡು ವರ್ಷಗಳ ನಂತರ ಯಾವುದೋ ಒಂದು ತರಬೇತಿಯನ್ನು ತೋರಿಸಿ ಭರವಸೆ ಈಡೇರಿತೆನ್ನಬಹುದು. ಅದನ್ನು ಅಲ್ಲಗಳೆಯಲು ಮೌಲ್ಯಮಾಪಕರಿಗೆ ಆಧಾರವೇ ಇರುವುದಿಲ್ಲ. ಅದೇ ಭರವಸೆಯನ್ನು ಹೀಗೆ ಬರೆದಿದ್ದರೆ: "ಮುಂದಿನ ವರ್ಷದ ಜೂನ್ ಅಂತ್ಯದೊಳಗೆ ಹಣಕಾಸು ಸಚಿವಾಲಯವು ಎಲ್ಲ ಸಚಿವಾಲಯಗಳ ಟೆಂಡರ್, ಬಿಡ್ ಸಲ್ಲಿಸಿದವರ ಹೆಸರು, ಒಪ್ಪಂದದ ಪಠ್ಯ ಮತ್ತು ಪಾವತಿಯ ವಿವರಗಳನ್ನು ಸಹಿಯಾದ 30 ದಿನಗಳೊಳಗೆ ಉಚಿತವಾಗಿ ಡೌನ್‌ಲೋಡ್ ಮಾಡಬಹುದಾದ ದತ್ತಾಂಶದ ರೂಪದಲ್ಲಿ ಪ್ರಕಟಿಸುವುದು, ಲೋಪದ ಬಗ್ಗೆ ಬಂದ ದೂರಿಗೆ 15 ದಿನಗಳೊಳಗೆ ಲಿಖಿತ ಉತ್ತರ ನೀಡುವುದು." ಇಲ್ಲಿ ಹೊಣೆ ಹೊತ್ತವರಿದ್ದಾರೆ, ಗಡುವಿದೆ, ಇಷ್ಟಬಂದ ಹತ್ತು ಗುತ್ತಿಗೆಗಳನ್ನು ಆರಿಸಿ ದಿನಾಂಕ ತಾಳೆ ನೋಡುವ ಅವಕಾಶವೂ ಇದೆ. ದೂರಿಗೆ ಉತ್ತರ ಕೊಡುವ ಅಂಶ ಸೇರಿದ್ದರಿಂದ ಬರಿಯ ಪ್ರಕಟಣೆಯಾಗಿದ್ದ ಭರವಸೆ ಹೊಣೆಗಾರಿಕೆಯ ಭರವಸೆಯೂ ಆಯಿತು.

ಇದು ಕಾಗದದ ಮೇಲಷ್ಟೇ ಸಾಧ್ಯವಾಗುವ ಆದರ್ಶವಲ್ಲ. ಉಕ್ರೇನಿನಲ್ಲಿ ಪ್ರೊಜೊರೊ ಎಂಬ ಇಲೆಕ್ಟ್ರಾನಿಕ್ ಖರೀದಿ ವ್ಯವಸ್ಥೆ 2016ರ ಆಗಸ್ಟ್‌ನಿಂದ ಸರ್ಕಾರಿ ಸಂಸ್ಥೆಗಳಿಗೆ ಕಡ್ಡಾಯವಾಯಿತು. ಅದೇ ವರ್ಷ ಅದರ ಜೊತೆಗೆ ಡೊಜೊರೊ ಎಂಬ ನಿಗಾ ವೇದಿಕೆಯೂ ಬಂದು, ಅನುಮಾನಾಸ್ಪದ ಟೆಂಡರ್‌ಗಳ ಬಗ್ಗೆ ನಾಗರಿಕರೂ ವ್ಯಾಪಾರಿಗಳೂ ತಕರಾರು ದಾಖಲಿಸುವಂತಾಯಿತು. ಭರವಸೆಯೊಂದನ್ನು ಗಣನೀಯ ಎಂದು ಕರೆಯುವ ಮುನ್ನ, ಮಾಹಿತಿಯ ಜೊತೆ ಇಂಥ ಪ್ರತಿಕ್ರಿಯೆಯ ದಾರಿಯೂ ಇದೆಯೇ ಎಂದು ನೋಡಬೇಕು.

ಎರಡನೆಯ ಪ್ರಶ್ನೆಯಲ್ಲಿ ಹೆಚ್ಚಿನ ಎಚ್ಚರ ಬೇಕಾದದ್ದು ಡಿಜಿಟಲ್ ಸೇವೆಗಳ ವಿಷಯದಲ್ಲಿ. ತೆರಿಗೆಯನ್ನು ಮೊಬೈಲ್‌ನಲ್ಲಿ ಕಟ್ಟುವ ಸೌಲಭ್ಯ, ಪ್ರಮಾಣಪತ್ರವನ್ನು ಮನೆಯಿಂದಲೇ ಪಡೆಯುವ ಆ್ಯಪ್ ಮೊದಲಾದವು ಜನರಿಗೆ ಅನುಕೂಲವೇ ಸರಿ. ಆದರೆ ಅವುಗಳಿಂದ ಸರ್ಕಾರದ ನಿರ್ಧಾರಗಳು ಜನರಿಗೆ ಹೆಚ್ಚು ಕಾಣುವುದೂ ಇಲ್ಲ, ಜನರ ಮಾತು ಅಲ್ಲಿಗೆ ಹೆಚ್ಚು ತಲುಪುವುದೂ ಇಲ್ಲ. ಇಂಥವನ್ನು ಸೇರಿಸಿ ಯೋಜನೆಯ ಗಾತ್ರ ಹಿಗ್ಗಿಸುವುದು ಸರ್ಕಾರಗಳಿಗೆ ಸುಲಭದ ದಾರಿಯಾಗಿರುವುದರಿಂದ, ಅವನ್ನು ಪ್ರತ್ಯೇಕ ಪಟ್ಟಿ ಮಾಡಿ ಉಳಿದ ಭರವಸೆಗಳು ಎಷ್ಟೆಂದು ವರದಿಯ ಆರಂಭದಲ್ಲೇ ತಿಳಿಸುವುದು ಒಳ್ಳೆಯದು.

ಪೂರ್ಣಗೊಂಡದ್ದು ಬೇರೆ, ಬದಲಾದದ್ದು ಬೇರೆ

ಅನುಷ್ಠಾನದ ಅವಧಿ ಮುಗಿದ ಮೇಲೆ ಎರಡು ಬೇರೆ ಬೇರೆ ತೀರ್ಪುಗಳನ್ನು ಬರೆಯಬೇಕು: ಹೇಳಿದ ಕೆಲಸ ಎಷ್ಟು ಮುಗಿಯಿತು ಎಂಬುದು ಒಂದು, ಅದರಿಂದ ಆಡಳಿತ ಎಷ್ಟು ತೆರೆದುಕೊಂಡಿತು ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಅಂಕದಲ್ಲಿ ಬೆರೆಸಿದರೆ, ಸಣ್ಣ ಭರವಸೆ ಕೊಟ್ಟು ಪೂರೈಸಿದ ಸರ್ಕಾರ ದೊಡ್ಡ ಸುಧಾರಣೆಗೆ ಕೈಹಾಕಿ ಅರ್ಧ ಸಾಧಿಸಿದ ಸರ್ಕಾರಕ್ಕಿಂತ ಮುಂದೆ ಕಾಣಿಸುತ್ತದೆ.

ಬ್ರಿಟನ್ನಿನ ಅನುಭವ ಇದಕ್ಕೆ ಒಳ್ಳೆಯ ಪಾಠ. ಕಂಪನಿಗಳ ನಿಜವಾದ ಒಡೆಯರು ಯಾರೆಂಬುದನ್ನು ಸಾರ್ವಜನಿಕ ನೋಂದಣಿಯಲ್ಲಿ ಪ್ರಕಟಿಸುವುದಾಗಿ ಆ ಸರ್ಕಾರ 2013ರಲ್ಲಿ ಮಾತು ಕೊಟ್ಟಿತು, 2015ರಲ್ಲಿ ಕಾನೂನಾಯಿತು, 2016ರಲ್ಲಿ ನೋಂದಣಿ ಜಾರಿಗೆ ಬಂದು, ಕಂಪನಿಯೊಂದರ ಶೇ 25ಕ್ಕಿಂತ ಹೆಚ್ಚಿನ ಷೇರು ಅಥವಾ ಮತಾಧಿಕಾರ ಹೊಂದಿದವರ ಹೆಸರನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕುವಂತಾಯಿತು. ಪೂರ್ಣಗೊಂಡಿದೆಯೇ ಎಂದು ಕೇಳಿದರೆ ಹೌದು. ಆದರೆ ಕಂಪನಿಗಳು ಸಲ್ಲಿಸಿದ ವಿವರ ನಿಜವೋ ಸುಳ್ಳೋ ಎಂದು ಪರಿಶೀಲಿಸುವ ಅಧಿಕಾರ ನೋಂದಣಿ ಸಂಸ್ಥೆಯಾದ ಕಂಪನೀಸ್ ಹೌಸ್‌ಗೆ ಆಗ ಸರಿಯಾಗಿ ಇರಲಿಲ್ಲ. ನೋಂದಣಿಯ ದತ್ತಾಂಶವನ್ನು ಜಾಲಾಡಿದ ಸಂಘಟನೆಗಳು ನಂಬಲಾಗದ ನಮೂದುಗಳನ್ನು ಎತ್ತಿ ತೋರಿಸಿದವು. ಪ್ರಶ್ನಿಸುವ ಮತ್ತು ತಿರಸ್ಕರಿಸುವ ಅಧಿಕಾರವನ್ನು ಕೊಡುವ ಕಾನೂನು ಬಂದದ್ದು 2023ರಲ್ಲಿ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ: ದತ್ತಾಂಶ ತೆರೆದಿದ್ದರಿಂದಲೇ ಅದರ ದೋಷ ಹೊರಗಿನವರಿಗೆ ಕಂಡಿತು. ಹಾಗಾಗಿ 2016ರ ಸ್ಥಿತಿಯನ್ನು ಅಳೆಯುವವರು ಪೂರ್ಣತೆಗೆ ಉನ್ನತ ದರ್ಜೆ ಕೊಟ್ಟು, ಬದಲಾವಣೆಯ ಕಡೆ ಹೊಸ ಹಕ್ಕು ಹುಟ್ಟಿದ್ದನ್ನೂ ಮಾಹಿತಿಯ ಗುಣಮಟ್ಟ ಖಾತರಿಯಾಗದಿರುವುದನ್ನೂ ಒಟ್ಟಿಗೆ ದಾಖಲಿಸಬೇಕಾಗುತ್ತದೆ.

ಬದಲಾವಣೆಯ ಸಾಕ್ಷ್ಯ ಸಂಗ್ರಹಿಸುವಾಗ ಇಲಾಖೆಯ ಸ್ವಯಂ ವರದಿಯನ್ನು ಆರಂಭದ ಸುಳಿವೆಂದು ಮಾತ್ರ ಪರಿಗಣಿಸಿ. ನೀವೇ ಪೋರ್ಟಲ್ ಬಳಸಿ ನೋಡಿ, ನೀವೇ ಮಾಹಿತಿ ಕೋರಿ ಅರ್ಜಿ ಹಾಕಿ ಉತ್ತರ ಬಂದ ದಿನ ಗುರುತಿಸಿ. ಆ ಮಾಹಿತಿಯನ್ನು ನಿಜಕ್ಕೂ ಬಳಸುವ ಪತ್ರಕರ್ತರು, ಸಂಶೋಧಕರು, ಗುತ್ತಿಗೆ ಸಿಗದ ವ್ಯಾಪಾರಿಗಳು ಏನು ಹೇಳುತ್ತಾರೆಂದು ಕೇಳಿ. ಗುತ್ತಿಗೆ ಸಿಗದವರಷ್ಟು ಶ್ರದ್ಧೆಯಿಂದ ಟೆಂಡರ್ ದಾಖಲೆ ಓದುವವರು ಬೇರೆ ಯಾರೂ ಇಲ್ಲ.

ಯೋಜನೆಯ ಹೊರಗೂ ಕಣ್ಣಿರಲಿ

ಅಚ್ಚುಕಟ್ಟಾದ ಯೋಜನೆ ಮತ್ತು ಹದಗೆಡುತ್ತಿರುವ ನಾಗರಿಕ ಸ್ವಾತಂತ್ರ್ಯ ಒಂದೇ ದೇಶದಲ್ಲಿ ಒಟ್ಟಿಗೆ ಇರಬಹುದು. ನಾಗರಿಕ ಸಂಘಟನೆಗಳ ಮೇಲಿನ ನಿರ್ಬಂಧಗಳ ಕಾರಣಕ್ಕೆ ಅಜರ್‌ಬೈಜಾನ್ ದೇಶವನ್ನು ಕೂಟ 2016ರಲ್ಲಿ ನಿಷ್ಕ್ರಿಯ ಸದಸ್ಯನೆಂದು ಘೋಷಿಸಿತು. ಸ್ಥಾಪಕ ಸದಸ್ಯನಾದ ಮೆಕ್ಸಿಕೊದಲ್ಲಿ, ಸರ್ಕಾರಗಳಿಗಷ್ಟೇ ಮಾರಲಾಗುವ ಗೂಢಚರ್ಯೆಯ ತಂತ್ರಾಂಶವನ್ನು ತಂಪು ಪಾನೀಯಗಳ ಮೇಲಿನ ತೆರಿಗೆಯನ್ನು ಬೆಂಬಲಿಸಿದವರ ಫೋನುಗಳ ಮೇಲೆ ಪ್ರಯೋಗಿಸಲಾಗಿತ್ತೆಂಬ ವರದಿಗಳು ಬಂದ ಮೇಲೆ, 2017ರಲ್ಲಿ ಸಂಘಟನೆಗಳು ಸರ್ಕಾರದೊಂದಿಗಿನ ಜಂಟಿ ಸಮಿತಿಯಿಂದ ಹೊರನಡೆದವು. ಇಂಥ ಬೆಳವಣಿಗೆಗಳನ್ನು ಭರವಸೆಗಳ ದರ್ಜೆಯೊಳಗೆ ತುರುಕದೆ, ವರದಿಯಲ್ಲಿ ಅವಕ್ಕೆಂದೇ ಒಂದು ಅಧ್ಯಾಯ ಮೀಸಲಿಡಬೇಕು; ಭರವಸೆ ಈಡೇರಿದ್ದರೆ ಈಡೇರಿದೆಯೆಂದೇ ಬರೆಯಬೇಕು.

ಕರಡು ಸಿದ್ಧವಾದ ಮೇಲೆ ಅದನ್ನು ಒಂದೇ ದಿನ ಸರ್ಕಾರಕ್ಕೂ ನಾಗರಿಕ ಸಂಘಟನೆಗಳಿಗೂ ಕಳುಹಿಸಿ, ಪ್ರತಿಕ್ರಿಯೆಗೆ ಇಬ್ಬರಿಗೂ ಒಂದೇ ಗಡುವು ಕೊಡಿ. ಇಲಾಖೆ ದರ್ಜೆಯನ್ನು ಆಕ್ಷೇಪಿಸಿದಾಗ ಅದು ಹೊಸ ದಾಖಲೆಯನ್ನು ಒದಗಿಸಿದೆಯೋ ಅಥವಾ ಅಸಮಾಧಾನವನ್ನಷ್ಟೇ ತಿಳಿಸಿದೆಯೋ ಎಂದು ಬೇರ್ಪಡಿಸಿ ನೋಡಿ. ದಾಖಲೆ ಯೋಜನೆಯ ಅವಧಿಯೊಳಗಿನದಾಗಿದ್ದರೆ ದರ್ಜೆಯನ್ನು ತಿದ್ದಿ, ತಿದ್ದಿದ ಕಾರಣವನ್ನು ಅಡಿಟಿಪ್ಪಣಿಯಲ್ಲಿ ಬರೆಯಿರಿ. ಅವಧಿ ಮುಗಿದ ನಂತರದ್ದಾಗಿದ್ದರೆ ಅದನ್ನು ಮುಂದಿನ ಯೋಜನೆಯ ಆರಂಭದ ಸ್ಥಿತಿಯಾಗಿ ದಾಖಲಿಸಿಕೊಳ್ಳಿ.