ಮೇಜಿನ ಮೇಲೆಯೇ ದೂರದ ಲಿಂಕ್: ವ್ಯಾನ್ (ದೂರದ ಊರುಗಳನ್ನು ಬೆಸೆಯುವ ನೆಟ್‌ವರ್ಕ್) ಅನುಕರಣೆ ಹೀಗೆ ಮಾಡಿ

ಕಚೇರಿಯೊಳಗಿನ ನೆಟ್‌ವರ್ಕಾದ ಲ್ಯಾನ್‌ನಲ್ಲಿ ಸಲೀಸಾಗಿ ಓಡಿದ ತಂತ್ರಾಂಶ ದೂರದ ಶಾಖೆಗೆ ಹೋದೊಡನೆ ತೆವಳುವುದು ಹೊಸತಲ್ಲ. ಇದನ್ನು ಮೊದಲೇ ಕಂಡುಕೊಳ್ಳಲು ನೆಟ್‌ವರ್ಕ್ ಸಂಚಾರವನ್ನು ನಿಯಂತ್ರಿಸುವ ಲಿನಕ್ಸ್‌ನ ‘ಟಿಸಿ’ ಆದೇಶ, ಅದರೊಳಗೆ ಬೇಕೆಂದೇ ವಿಳಂಬ, ನಷ್ಟ ಉಂಟುಮಾಡುವ ‘ನೆಟ್‌ಎಮ್’ ಸಾಕು. ಆದರೆ ಹೆಚ್ಚಿನವರು ವಿಳಂಬಕ್ಕೆ ಒಂದು ಸಂಖ್ಯೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಸಿಗುವ ಫಲಿತಾಂಶ ನೋಡಿ ತಂತ್ರಾಂಶ ಬರೆದವರನ್ನು ಬೈಯುತ್ತಾರೆ.

ಹಂತ 1: ನಡುವೆ ಒಂದು ಯಂತ್ರ. ಪರೀಕ್ಷೆಗೆ ಒಳಪಡುವ ಕಂಪ್ಯೂಟರಿನಲ್ಲೇ ನೆಟ್‌ಎಮ್ ಹಾಕಬೇಡಿ. ಅಲ್ಲಿ ಪ್ಯಾಕೆಟ್ (ದತ್ತಾಂಶದ ತುಣುಕು) ಬೀಳಿಸಿದರೆ ಆ ಸುದ್ದಿ ಅದೇ ಯಂತ್ರದ ಟಿಸಿಪಿಗೆ, ಅಂದರೆ ಕಳೆದ ಪ್ಯಾಕೆಟ್‌ಗಳನ್ನು ಮತ್ತೆ ಕಳಿಸುವ ವ್ಯವಸ್ಥೆಗೆ, ತಕ್ಷಣ ತಲುಪಿಬಿಡುತ್ತದೆ. ನಿಜವಾದ ಲಿಂಕಿನಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಎರಡು ನೆಟ್‌ವರ್ಕ್ ಕಾರ್ಡಿರುವ ಹಳೆಯ ಕಂಪ್ಯೂಟರೊಂದನ್ನು ಬ್ರಿಡ್ಜ್ (ಒಂದು ಕಾರ್ಡಿಗೆ ಬಂದದ್ದನ್ನು ಇನ್ನೊಂದರಿಂದ ದಾಟಿಸುವ ಸೇತುವೆ) ಮಾಡಿ ನಡುವೆ ಕೂರಿಸಿ. ಅದನ್ನು ದೂರದಿಂದ ನಿಯಂತ್ರಿಸುವ ಎಸ್‌ಎಸ್‌ಎಚ್‌ಗೆ ಮೂರನೇ ಕಾರ್ಡ್ ಇರಲಿ, ಇಲ್ಲದಿದ್ದರೆ ನೀವು ಹಾಕಿದ ಪ್ಯಾಕೆಟ್ ನಷ್ಟಕ್ಕೆ ನೀವೇ ಸಿಕ್ಕಿಬೀಳುತ್ತೀರಿ. ಬ್ರೌಸರಿನೊಳಗಿನ ವೇಗ ತಗ್ಗಿಸುವ ಗುಂಡಿ ಪುಟ ತೆರೆಯುವುದನ್ನು ನೋಡಲು ಮಾತ್ರ. ಅದನ್ನು ನೆಟ್‌ವರ್ಕ್ ಪರೀಕ್ಷೆ ಎನ್ನಬೇಡಿ.

ಹಂತ 2: ಸಂಖ್ಯೆ ಆರಿಸಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಅಂದರೆ 1,000 ಕಿ.ಮೀ.ಗೆ ಹೋಗಿಬರಲು ಕನಿಷ್ಠ 10 ಮಿಲಿಸೆಕೆಂಡ್. ಭೂಸ್ಥಿರ ಉಪಗ್ರಹವಾದರೆ 500ರ ಮೇಲೆ. ನೆಟ್‌ಎಮ್ ಹೊರಹೋಗುವ ಪ್ಯಾಕೆಟ್‌ಗಳನ್ನಷ್ಟೇ ತಡೆಯುವುದರಿಂದ ಎರಡೂ ಕಾರ್ಡುಗಳಿಗೆ ಅರ್ಧರ್ಧ ವಿಳಂಬ ಹಂಚಿ.

ಹಂತ 3: ಆಫ್‌ಲೋಡ್ ನಿಲ್ಲಿಸಿ. ನಡುವಿನ ಯಂತ್ರದಲ್ಲಿ ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್ ಬದಲಿಸುವ ‘ಈಥ್‌ಟೂಲ್’ ಬಳಸಿ ಜಿಆರ್‌ಒ, ಜಿಎಸ್‌ಒ, ಟಿಎಸ್‌ಒ ಎಂಬ, ಪ್ಯಾಕೆಟ್‌ಗಳನ್ನು ಗಂಟುಕಟ್ಟಿ ಸಾಗಿಸುವ ಮೂರು ಸೌಲಭ್ಯಗಳನ್ನೂ ನಿಲ್ಲಿಸಿ. ಇಲ್ಲವಾದರೆ ಹಲವು ಪ್ಯಾಕೆಟ್‌ಗಳು 64 ಕಿಲೋಬೈಟ್‌ವರೆಗಿನ ಒಂದೇ ಗಂಟಾಗಿ ಬಂದು, ಬಿದ್ದರೆ ಇಡೀ ಗಂಟೇ ಬೀಳುತ್ತದೆ.

ಹಂತ 4: ಸರದಿಯ ಮಿತಿ. ಎಲ್ಲರೂ ಎಡವುವುದು ಇಲ್ಲೇ. ನೆಟ್‌ಎಮ್ ಮೊದಲಿನಿಂದಲೇ ಇಟ್ಟುಕೊಂಡಿರುವ ಮಿತಿ 1,000 ಪ್ಯಾಕೆಟ್. ‘ದಾರಿಯಲ್ಲಿರುವ’ ಪ್ಯಾಕೆಟ್‌ಗಳೂ, ರೂಟರಿನ ಬಫರಿನಲ್ಲಿ ಕಾಯಬೇಕಾದವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಈ ಮಿತಿ ಒಮ್ಮೆ ತೀರಾ ಚಿಕ್ಕದು, ಒಮ್ಮೆ ತೀರಾ ದೊಡ್ಡದು.

ಗಿಗಾಬಿಟ್ ಲಿಂಕಿಗೆ ಒಂದು ದಿಕ್ಕಿನಲ್ಲಿ 50 ಮಿಲಿಸೆಕೆಂಡ್ ವಿಳಂಬ ಕೊಟ್ಟಿದ್ದೀರಿ ಎನ್ನಿ. 1,500 ಬೈಟಿನ ಪ್ಯಾಕೆಟ್‌ಗಳಾದರೆ ದಾರಿಯಲ್ಲೇ ಸುಮಾರು 4,170 ಇರಬೇಕು. ಜಾಗ ಇರುವುದು ಸಾವಿರಕ್ಕೆ. ಉಳಿದದ್ದು ಸದ್ದಿಲ್ಲದೆ ಬೀಳುತ್ತದೆ. ವೇಗ 240 ಮೆಗಾಬಿಟ್ ದಾಟುವುದೇ ಇಲ್ಲ.

ಈಗ ಅದರ ತದ್ವಿರುದ್ಧ. 20 ಮೆಗಾಬಿಟ್ ವೇಗ, ಒಂದು ದಿಕ್ಕಿನಲ್ಲಿ 40 ಮಿಲಿಸೆಕೆಂಡ್ ವಿಳಂಬ. ದಾರಿಯಲ್ಲಿ ಇರಬೇಕಾದದ್ದು ಬರೀ 67 ಪ್ಯಾಕೆಟ್. ಮಿತಿ ಸಾವಿರವೇ ಇದ್ದರೆ ದೊಡ್ಡ ಡೌನ್‌ಲೋಡ್ ಶುರುವಾದೊಡನೆ ಸರದಿ ತುಂಬಿ, ವಿಳಂಬ 600 ಮಿಲಿಸೆಕೆಂಡಿನವರೆಗೆ ಹಿಗ್ಗುತ್ತದೆ. ಅಂಥ ಬಫರಿನ ರೂಟರೇ ನಿಮ್ಮ ಗುರಿಯಾದರೆ ಸರಿ, ಅಲ್ಲವಾದರೆ ನೀವು ಅಳೆಯುತ್ತಿರುವುದು ಬೇರೆಯದೇ ಲಿಂಕನ್ನು.

ಲೆಕ್ಕ ಹೀಗೆ: ವೇಗವನ್ನು, ಒಂದು ದಿಕ್ಕಿನ ವಿಳಂಬ ಮತ್ತು ಬಫರಿನ ಸಮಯದ ಮೊತ್ತದಿಂದ ಗುಣಿಸಿ, 12,000 ಬಿಟ್‌ಗಳಿಂದ (1,500 ಬೈಟಿನ ಒಂದು ಪ್ಯಾಕೆಟ್) ಭಾಗಿಸಿ. ಮೇಲಿನ 20 ಮೆಗಾಬಿಟ್ ಉದಾಹರಣೆಗೆ 50 ಮಿಲಿಸೆಕೆಂಡ್ ಬಫರ್ ಸೇರಿಸಿದರೆ ಮಿತಿ 150. ಇದನ್ನು ಅಂದಾಜಿಗೆ ಬಿಡಬೇಡಿ. ವೇಗ ಬದಲಿಸಿದಾಗಲೆಲ್ಲ ಮತ್ತೆ ಲೆಕ್ಕ ಹಾಕಿ. ಚಂದದ ಪರದೆಯಿರುವ ಎಷ್ಟೋ ಅನುಕರಣ ಸಾಧನಗಳು ಈ ಸಂಖ್ಯೆಯನ್ನು ತೋರಿಸುವುದೇ ಇಲ್ಲ. ಅಂಥವನ್ನು ನಾನು ಮುಟ್ಟುವುದಿಲ್ಲ.

ಹಂತ 5: ಏರಿಳಿತ, ನಷ್ಟ. ವಿಳಂಬಕ್ಕೆ ಏರಿಳಿತ ಸೇರಿಸಿದರೆ ಹಿಂದೆ ಹೊರಟ ಪ್ಯಾಕೆಟ್ ಮುಂದೆ ಬಂದು ಕ್ರಮ ಕೆಡಬಹುದು. ಟಿಸಿಪಿ ಅದನ್ನೇ ನಷ್ಟವೆಂದು ತಿಳಿದು ವೇಗ ತಗ್ಗಿಸುತ್ತದೆ. ಮೊದಲ ಸುತ್ತಿನಲ್ಲಿ ಏರಿಳಿತ ಬೇಡವೇ ಬೇಡ. ನಷ್ಟವನ್ನೂ ಕೊನೆಗೆ ಸೇರಿಸಿ. ವೈರ್‌ಲೆಸ್ ಲಿಂಕಾದರೆ ಬಿಡಿಬಿಡಿ ನಷ್ಟಕ್ಕಿಂತ ಗಿಲ್ಬರ್ಟ್–ಎಲಿಯಟ್ ಮಾದರಿ ಮೇಲು, ಏಕೆಂದರೆ ಅಲ್ಲಿ ಪ್ಯಾಕೆಟ್‌ಗಳು ಸಾಲಾಗಿ ಬೀಳುತ್ತವೆ.

ಹಂತ 6: ಮೊದಲು ಲಿಂಕನ್ನೇ ಅಳೆಯಿರಿ. ಹೋಗಿಬರುವ ಸಮಯ ತೋರಿಸುವ ಪಿಂಗ್ ಕೊಡಿ. ಮೊದಲ ಉತ್ತರ ದುಪ್ಪಟ್ಟು ತಡವಾದರೆ ಗಾಬರಿ ಬೇಡ, ಆಚೆಯ ಯಂತ್ರದ ಕಾರ್ಡಿನ ವಿಳಾಸ ಕೇಳುವ ಎಆರ್‌ಪಿ ವಿಚಾರಣೆಯೂ ಅದೇ ವಿಳಂಬ ದಾಟಿ ಬಂದಿರುತ್ತದೆ. ಬಳಿಕ ಲಿಂಕನ್ನು ತುಂಬಿಸಿ ವೇಗ ಅಳೆಯುವ ಐಪರ್ಫ್3 ಓಡಿಸುತ್ತಲೇ ಇನ್ನೊಮ್ಮೆ ಪಿಂಗ್ ನೋಡಿ: 150ರ ಮಿತಿ ಎರಡೂ ಕಡೆ ಇದ್ದು, ಒಂದೇ ದಿಕ್ಕಿಗೆ ಭಾರ ಬಿದ್ದಾಗ 80 ಮಿಲಿಸೆಕೆಂಡ್ ಇದ್ದದ್ದು 130ರ ಆಸುಪಾಸಿಗೆ ಏರಬೇಕು. 600 ದಾಟಿತೇ? ಹಂತ 4ಕ್ಕೆ ವಾಪಸ್. ಟಿಸಿಯ ಅಂಕಿಅಂಶದಲ್ಲಿ ಬಿದ್ದ ಪ್ಯಾಕೆಟ್‌ಗಳ ಎಣಿಕೆಯನ್ನೂ ಬರೆದಿಟ್ಟುಕೊಂಡು, ಆಮೇಲೆ ನಿಮ್ಮ ತಂತ್ರಾಂಶ ಓಡಿಸಿ.